ಹಳೇ ಫೋನಿಂದ ಹೊಸ ಫೋನಿಗೆ: ಏನು ಬರುತ್ತೆ, ಏನು ಬರಲ್ಲ, ಯಾಕೆ?

ದಸರಾ ಹತ್ತಿರ ಬಂತೆಂದರೆ ಮೈಸೂರಿನ ದೇವರಾಜ ಅರಸು ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕಡೆ ಎಕ್ಸ್‌ಚೇಂಜ್ ಆಫರ್, ಇನ್ನೊಂದು ಕಡೆ ಇಎಂಐ. ಬಿಲ್ ಆಗಿ ಡಬ್ಬ ಒಡೆದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಹಳೇದ್ರಲ್ಲಿ ಇರೋದೆಲ್ಲ ಇದಕ್ಕೆ ಬರುತ್ತಾ?" ಅಂಗಡಿ ಹುಡುಗರ ಉತ್ತರವೂ ರೆಡಿ: "ಎಲ್ಲಾ ಬರುತ್ತೆ ಸಾರ್, ಅರ್ಧ ಗಂಟೆ ಅಷ್ಟೇ."

ಅರ್ಧ ಗಂಟೆಯಲ್ಲಿ ಬಹಳಷ್ಟು ಬರುವುದು ನಿಜ. ಫೋಟೊಗಳು ಬರುತ್ತವೆ, ಹಾಡುಗಳು ಬರುತ್ತವೆ, ಆಪ್‌ಗಳೆಲ್ಲ ಸಾಲಾಗಿ ಬಂದು ಕೂರುತ್ತವೆ. ತೊಂದರೆ ಶುರುವಾಗುವುದು ಮನೆಗೆ ಹೋದ ಮೇಲೆ. ತರಕಾರಿ ಗಾಡಿಯವರಿಗೆ ದುಡ್ಡು ಕಳಿಸಲು ಹೋದರೆ ಯುಪಿಐ ಆಪ್ ಮೊದಲಿಂದ ನಂಬರ್ ಕೇಳುತ್ತದೆ. ವಾಟ್ಸಾಪ್ ತೆರೆದರೆ ಖಾಲಿ. ಪಾಂಡವಪುರದ ದೊಡ್ಡಮ್ಮನ ನಂಬರ್ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಪರದೆ ಮೇಲೆ ಕಾಣುವುದೆಲ್ಲ ಫೋನಿನ ಒಳಗೇ ಇದೆ ಅಂತ ನಾವು ಅಂದುಕೊಂಡಿರುತ್ತೇವೆ. ಹಾಗಿಲ್ಲ. ಕೆಲವು ಫೋನಿನ ಮೆಮೊರಿಯಲ್ಲಿ ಇರುತ್ತವೆ. ಕೆಲವು ಗೂಗಲ್ ಅಥವಾ ಆಪಲ್ ಅಕೌಂಟಿನಲ್ಲಿ, ಕೆಲವು ಸಿಮ್‌ನಲ್ಲಿ, ಕೆಲವು ಬ್ಯಾಂಕಿನ ಸರ್ವರ್‌ನಲ್ಲಿ. ಇನ್ನು ಕೆಲವನ್ನು ಆ ಫೋನ್ ಬಿಟ್ಟು ಕದಲಬಾರದು ಎಂದೇ ಬೇಕಂತ ಕಟ್ಟಿ ಹಾಕಿರುತ್ತಾರೆ. ಯಾವುದು ಎಲ್ಲಿದೆ ಎಂದು ಗೊತ್ತಾದರೆ ಅದನ್ನು ಸಾಗಿಸುವ ದಾರಿಯೂ ಗೊತ್ತಾಗುತ್ತದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ನಂಬರ್‌ಗಳು ಎಲ್ಲಿವೆ ಅಂತ ಮೊದಲು ನೋಡಿ

ಜನ ಹೆಚ್ಚಾಗಿ ಕಳೆದುಕೊಳ್ಳುವುದು ನಂಬರ್‌ಗಳನ್ನೇ. ಸುಲಭವಾಗಿ ಉಳಿಸಿಕೊಳ್ಳಬಹುದಾದದ್ದೂ ಅವನ್ನೇ. ಹೊಸ ನಂಬರ್ ಸೇವ್ ಮಾಡುವಾಗ ಎಲ್ಲಿ ಉಳಿಸಬೇಕು ಎಂದು ಒಂದು ಸಣ್ಣ ಸಾಲು ಕೇಳುತ್ತದೆ: ಸಿಮ್, ಫೋನ್, ಇಲ್ಲವೇ ಜಿಮೇಲ್. ಅದನ್ನು ಓದುವವರು ಕಮ್ಮಿ. ಮೊದಲ ಸಲ ಯಾವುದನ್ನು ಒತ್ತಿದ್ದೆವೋ, ಅಲ್ಲಿಂದಾಚೆಗೆ ಎಲ್ಲ ನಂಬರ್‌ಗಳೂ ಅಲ್ಲೇ ಹೋಗಿ ಕೂರುತ್ತವೆ.

ಸಿಮ್‌ನಲ್ಲಿ ಉಳಿಸಿದ್ದರೆ ಸಿಮ್ ಜೊತೆಗೇ ಬರುತ್ತವೆ. ಕೇಳಲು ಚೆನ್ನಾಗಿದೆ. ಆದರೆ ಸಾಮಾನ್ಯ ಸಿಮ್‌ನಲ್ಲಿ 250ರ ಆಸುಪಾಸು ನಂಬರ್‌ಗಳಿಗಷ್ಟೇ ಜಾಗ. ಫೋಟೊ, ವಿಳಾಸ ಇವೆಲ್ಲ ಅಲ್ಲಿ ಇಲ್ಲ. ಹೆಸರಿಗೂ ಜಾಗ ತುಂಬಾ ಕಮ್ಮಿ. ಕನ್ನಡದಲ್ಲಿ ಬರೆದರೆ ಅದು ಇನ್ನೂ ಬೇಗ ಮುಗಿಯುತ್ತದೆ. "ಶ್ರೀರಂಗಪಟ್ಟಣ" ನಮ್ಮ ಕಣ್ಣಿಗೆ ಆರು ಅಕ್ಷರ. ಫೋನಿಗೆ ಹಾಗಲ್ಲ. ಅದು ಒತ್ತು, ದೀರ್ಘ, ಸೊನ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಲೆಕ್ಕ ಹಾಕುತ್ತದೆ. "ಶ್ರೀ" ಒಂದಕ್ಕೇ ನಾಲ್ಕು ಸಂಕೇತ, ಇಡೀ ಊರಿನ ಹೆಸರಿಗೆ 12. ಅದರ ಮುಂದೆ "ಸೋದರಮಾವ" ಎಂದು ಸೇರಿಸಿದರೆ ಮಾವನ ಅರ್ಧ ಭಾಗ ಕತ್ತರಿಸಿ ಹೋಗಬಹುದು. "ಶ್ರೀರಂಗಪಟ್ಟಣ ಸೋ" ಎನ್ನುವ ಹೆಸರಿನವರು ಮೂವರಿದ್ದರೆ ಯಾರಿಗೆ ಫೋನ್ ಮಾಡುತ್ತೀರಿ?

"ಫೋನ್" ಎಂದು ಆರಿಸಿ ಉಳಿಸಿದ ನಂಬರ್‌ಗಳು ಆ ಹ್ಯಾಂಡ್‌ಸೆಟ್‌ನಲ್ಲಿ ಮಾತ್ರ ಇರುತ್ತವೆ. ಫೋನ್ ವಿ.ಸಿ. ನಾಲೆಗೆ ಬಿದ್ದರೆ ಅವೂ ನಾಲೆ ಪಾಲು.

ಜಿಮೇಲ್ ಅಕೌಂಟಿನಲ್ಲಿ ಉಳಿಸುವುದೇ ಒಳ್ಳೆಯದು. ಹೊಸ ಫೋನಿನಲ್ಲಿ ಅದೇ ಅಕೌಂಟ್ ಹಾಕಿದ ಸ್ವಲ್ಪ ಹೊತ್ತಿಗೆ ಎಲ್ಲವೂ ತಾವಾಗಿಯೇ ಬರುತ್ತವೆ. ಯಾರೂ ಯಾವುದನ್ನೂ ಕಾಪಿ ಮಾಡಬೇಕಿಲ್ಲ. ಈಗಾಗಲೇ ಸಿಮ್‌ನಲ್ಲೋ ಫೋನಿನಲ್ಲೋ ಇರುವವನ್ನು ಕಾಂಟ್ಯಾಕ್ಟ್ಸ್ ಆಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಇಂಪೋರ್ಟ್ ಮಾಡಿ ಜಿಮೇಲ್‌ಗೆ ತರಬಹುದು. ಅಕೌಂಟ್ ಮೇಲೆ ನಂಬಿಕೆ ಇಲ್ಲ ಎನ್ನುವವರು ಅದೇ ಕಡೆ ಇರುವ ಎಕ್ಸ್‌ಪೋರ್ಟ್ ಒತ್ತಬಹುದು. ವಿಸಿಎಫ್ ಎಂಬ ಒಂದೇ ಒಂದು ಚಿಕ್ಕ ಫೈಲ್ ಸಿಗುತ್ತದೆ. ಸಾವಿರ ನಂಬರ್‌ಗಳಿದ್ದರೂ ಅದು ಒಂದು ಫೋಟೊದಷ್ಟೂ ಜಾಗ ತಿನ್ನುವುದಿಲ್ಲ. ಅದನ್ನು ನಿಮಗೆ ನೀವೇ ಇಮೇಲ್ ಮಾಡಿಟ್ಟುಕೊಂಡರೆ ಯಾವ ಕಂಪನಿಯ ಫೋನಿಗೆ ಬೇಕಾದರೂ ಹಾಕಿಕೊಳ್ಳಬಹುದು, ಐಫೋನ್ ಸೇರಿ.

ಇಲ್ಲೊಂದು ತೊಡಕಿದೆ. ನಮ್ಮ ಮಂಡ್ಯ ಕಡೆ, ಅದರಲ್ಲೂ ವಯಸ್ಸಾದವರ ಫೋನುಗಳಲ್ಲಿ ಇದು ತುಂಬಾ ಕಾಣುತ್ತದೆ. ಪ್ರತಿ ಸಲ ಹೊಸ ಫೋನ್ ಕೊಂಡಾಗಲೂ ಅಂಗಡಿಯಲ್ಲೇ ಹೊಸದೊಂದು ಜಿಮೇಲ್ ಮಾಡಿ ಹಾಕಿಕೊಟ್ಟಿರುತ್ತಾರೆ. ಪಾಸ್‌ವರ್ಡ್ ಏನು ಅಂತ ಫೋನಿನ ಯಜಮಾನರಿಗೇ ಗೊತ್ತಿರುವುದಿಲ್ಲ. "ಮಗಾ, ನಂಬ್ರುಗಳೆಲ್ಲ ಎಲ್ಲೋ ಹೊಂಟೋದ್ವು ಕಣಪ್ಪ" ಎಂದು ದೊಡ್ಡಮ್ಮ ಹೇಳಿದರೆ ಅವು ಹೋಗಿರುವುದಿಲ್ಲ, ಹಳೇ ಜಿಮೇಲ್‌ನಲ್ಲಿ ಹಾಗೇ ಇರುತ್ತವೆ. ಹೊಸ ಫೋನ್ ನೋಡುತ್ತಿರುವುದು ಬೇರೆ ಜಿಮೇಲ್ ಅಷ್ಟೇ. ಹಳೇ ಫೋನ್ ಇನ್ನೂ ಕೈಯಲ್ಲಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ತೆರೆದು ಯಾವ ವಿಳಾಸ ಇದೆ ಎಂದು ಬರೆದುಕೊಳ್ಳಿ. ಪಾಸ್‌ವರ್ಡ್ ಆ ಫೋನಿನಿಂದಲೇ ಬದಲಾಯಿಸಿ. ನಿಮ್ಮದೇ ಮೊಬೈಲ್ ನಂಬರನ್ನು ರಿಕವರಿಗೆ ಸೇರಿಸಿ. ಲಾಗಿನ್ ಆಗಿರುವ ಫೋನ್ ಕೈಯಲ್ಲಿರುವಾಗ ಇದು ಸಣ್ಣ ಕೆಲಸ. ಅದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟ ಮೇಲೆ ದೊಡ್ಡ ತಲೆನೋವು.

ನಂಬರ್‌ಗಳನ್ನು ಯಾರೋ ಗೊತ್ತಿಲ್ಲದೆ ಅಳಿಸಿದ್ದರೂ ಗಾಬರಿ ಬೇಡ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ 30 ದಿನದ ಒಳಗಿನ ಯಾವುದೇ ಸ್ಥಿತಿಗೆ ಹಿಂದಕ್ಕೆ ಹೋಗಬಹುದು. ಕಂಪ್ಯೂಟರಿನಲ್ಲಿ ಅದರ ಪುಟ ತೆರೆದು ಸೆಟ್ಟಿಂಗ್ಸ್‌ನಲ್ಲಿ ಹುಡುಕಿದರೆ ಸಿಗುತ್ತದೆ.

ವೈರಾ, ವೈಫೈನಾ, ಕ್ಲೌಡಾ?

ಫೋಟೊ, ವಿಡಿಯೊ, ಹಾಡು, ಫೈಲ್‌ಗಳು ನಿಜವಾಗಲೂ ಫೋನಿನ ಒಳಗೇ ಇರುವ ಸಾಮಾನು. ಇವನ್ನು ಹೊತ್ತು ಸಾಗಿಸಲೇಬೇಕು. ದಾರಿ ಮೂರು, ಲೆಕ್ಕ ಹಾಕಿದರೆ ಯಾವುದು ಒಳ್ಳೆಯದು ಅಂತ ಗೊತ್ತಾಗುತ್ತದೆ.

ನಿಮ್ಮ ಹತ್ತಿರ 64 ಜಿಬಿ ಇದೆ ಅಂದುಕೊಳ್ಳಿ. ದಿನಕ್ಕೆ 1.5 ಜಿಬಿ ಕೊಡುವ ಮೊಬೈಲ್ ಪ್ಯಾಕ್‌ನಲ್ಲಿ ಇದನ್ನು ಕ್ಲೌಡ್‌ಗೆ, ಅಂದರೆ ಇಂಟರ್ನೆಟ್ ಮೇಲಿನ ಸಂಗ್ರಹಕ್ಕೆ, ಏರಿಸಲು ನಲವತ್ತು ದಿನಕ್ಕೂ ಜಾಸ್ತಿ ಬೇಕು. ಮನೆಯಲ್ಲಿ 50 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಇದ್ದು, ಅದು ಪೂರ್ತಿ ವೇಗದಲ್ಲಿ ಓಡಿದರೂ ಮೂರು ಗಂಟೆ ಹತ್ತಿರ. ಅದೂ ಏರಿಸಲು ಮಾತ್ರ, ಇಳಿಸುವ ಹೊತ್ತು ಬೇರೆ. ಅದೇ ಎರಡು ಫೋನಿನ ನಡುವೆ ಒಂದು ವೈರ್ ಹಾಕಿದರೆ, ಹಳೇ ಕಾಲದ ಯುಎಸ್‌ಬಿ 2.0 ವೇಗದಲ್ಲೂ ಮುಕ್ಕಾಲು ಗಂಟೆ ಆಸುಪಾಸಿನಲ್ಲಿ ಮುಗಿಯುತ್ತದೆ. ಸಾಮಾನು ಜಾಸ್ತಿ ಇದ್ದರೆ ವೈರೇ ವಾಸಿ. ಒಂದೇ ಎಚ್ಚರ: ಕೆಲವು ಅಗ್ಗದ ವೈರ್‌ಗಳಲ್ಲಿ ಚಾರ್ಜ್ ಮಾತ್ರ ಹೋಗುತ್ತದೆ, ಡೇಟಾ ಹೋಗುವ ತಂತಿಯೇ ಇರುವುದಿಲ್ಲ. ಎರಡು ಫೋನ್ ಜೋಡಿಸಿದರೂ ಏನೂ ಆಗದಿದ್ದರೆ ಮೊದಲು ವೈರ್ ಬದಲಾಯಿಸಿ ನೋಡಿ.

ಫೋನಿನಿಂದ ಫೋನಿಗೆ ವೈಫೈನಲ್ಲಿ ಕಳಿಸಿದರೆ ನೆಟ್ ಪ್ಯಾಕ್ ಖಾಲಿಯಾಗುತ್ತದೆ ಎಂದು ಎಷ್ಟೋ ಜನ ಹೆದರುತ್ತಾರೆ. ಆಗುವುದಿಲ್ಲ. ಎರಡೂ ಫೋನುಗಳು ತಮ್ಮ ನಡುವೆಯೇ ಒಂದು ಖಾಸಗಿ ವೈಫೈ ಮಾಡಿಕೊಂಡು ಮಾತಾಡುತ್ತವೆ. ಇಂಟರ್ನೆಟ್ ಅಲ್ಲಿಗೆ ಬರುವುದೇ ಇಲ್ಲ. ಕರೆಂಟ್ ಹೋಗಿ ರೂಟರ್ ಆಫ್ ಆದರೂ ಕೆಲಸ ನಡೆಯುತ್ತದೆ. ಪ್ಯಾಕ್ ತಿನ್ನುವುದು ಆಮೇಲೆ, ಪ್ಲೇ ಸ್ಟೋರ್‌ನಿಂದ ಆಪ್‌ಗಳು ಮತ್ತೆ ಇಳಿಯುವಾಗ.

ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಹೋಗುವವರಿಗೆ ಒಳ್ಳೆಯ ಸಮಯ ಒಂದಿದೆ. ಹೊಸ ಫೋನನ್ನು ಮೊಟ್ಟಮೊದಲು ಆನ್ ಮಾಡಿದಾಗ, "ಹಳೇ ಫೋನಿನಿಂದ ಆಪ್ ಮತ್ತು ಡೇಟಾ ಕಾಪಿ ಮಾಡಬೇಕಾ?" ಎಂದು ಅದೇ ಕೇಳುತ್ತದೆ. ಅವಸರದಲ್ಲಿ ಸುಮ್ನೆ ಸ್ಕಿಪ್ ಒತ್ತಿಬಿಡುತ್ತಾರೆ. ಅಂಗಡಿಯಲ್ಲಿ ಆಗುವುದು ಹೆಚ್ಚಾಗಿ ಇದೇ, ಹಿಂದೆ ಇನ್ನೂ ನಾಲ್ಕು ಜನ ನಿಂತಿರುತ್ತಾರಲ್ಲ. ಎಸ್‌ಎಂಎಸ್, ಕಾಲ್ ಹಿಸ್ಟರಿ, ಕೆಲವು ಆಪ್‌ಗಳ ಒಳಗಿನ ಮಾಹಿತಿ ಸರಿಯಾಗಿ ಬರುವುದು ಈ ಹೊತ್ತಿನಲ್ಲಿ. ಸ್ಕಿಪ್ ಮಾಡಿದ್ದರೆ, ಹೊಸ ಫೋನಿನಲ್ಲಿ ಇನ್ನೂ ಏನೂ ಇಲ್ಲದಿರುವಾಗಲೇ ಒಮ್ಮೆ ರೀಸೆಟ್ ಮಾಡಿ ಮೊದಲಿಂದ ಶುರು ಮಾಡುವುದೇ ಎಷ್ಟೋ ಸಲ ಸುಲಭ.

ಕಂಪನಿಯವರ ಆಪ್‌ಗಳೂ ಇವೆ. ಸ್ಯಾಮ್‌ಸಂಗ್‌ನ ಸ್ಮಾರ್ಟ್ ಸ್ವಿಚ್, ಶಿಯೋಮಿಯ ಮಿ ಮೂವರ್, ವಿವೊದ ಈಸಿಶೇರ್. ಒಂದೇ ಕಂಪನಿಯ ಫೋನಿನಿಂದ ಅದೇ ಕಂಪನಿಯದಕ್ಕೆ ಹೋಗುವಾಗ ಇವು ಗೂಗಲ್‌ನ ದಾರಿಗಿಂತ ಸ್ವಲ್ಪ ಜಾಸ್ತಿಯೇ ತರುತ್ತವೆ, ಸೆಟ್ಟಿಂಗ್ಸ್, ವಾಲ್‌ಪೇಪರ್ ಇತ್ಯಾದಿ. ನಾಲ್ಕು ಫೈಲ್ ಕಳಿಸಲು ಆಂಡ್ರಾಯ್ಡ್‌ನ ಕ್ವಿಕ್ ಶೇರ್ ಸಾಕು. ಹಿಂದೆ ಎಲ್ಲರ ಫೋನಿನಲ್ಲೂ ಇದ್ದ ಶೇರ್‌ಇಟ್, ಕ್ಸೆಂಡರ್ ಆಪ್‌ಗಳನ್ನು ಭಾರತ ಸರ್ಕಾರ 2020ರ ಜೂನ್‌ನಲ್ಲೇ ನಿಷೇಧಿಸಿದೆ. ಯಾರಾದರೂ ಅವುಗಳ ಎಪಿಕೆ ಫೈಲ್ (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕಿಕೊಳ್ಳುವ ಆಪ್ ಫೈಲ್) ಕಳಿಸಿ ಹಾಕಿಕೊಳ್ಳಿ ಎಂದರೆ ಬೇಡ ಎನ್ನಿ.

ಗೂಗಲ್ ಬ್ಯಾಕಪ್ ಇದೆಯಲ್ಲ, ಅದು ಸಾಕಲ್ವಾ ಎಂದು ಕೇಳುವವರಿದ್ದಾರೆ. ನಂಬರ್, ಎಸ್‌ಎಂಎಸ್, ಕಾಲ್ ಹಿಸ್ಟರಿ, ಸೆಟ್ಟಿಂಗ್ಸ್‌ಗೆ ಚೆನ್ನಾಗಿದೆ. ಆದರೆ ಒಂದು ಆಪ್‌ನ ಮಾಹಿತಿಗೆ ಅದು ಕೊಡುವ ಜಾಗ 25 ಎಂಬಿ ಮಾತ್ರ. ತಾನಾಗಿ ಬ್ಯಾಕಪ್ ಆಗಬೇಕಾದರೆ ಫೋನ್ ವೈಫೈನಲ್ಲಿರಬೇಕು, ಚಾರ್ಜಿಗೆ ಇರಬೇಕು, ಯಾರೂ ಬಳಸದೆ ಸುಮ್ಮನೆ ಬಿದ್ದಿರಬೇಕು. ಮನೆಯಲ್ಲಿ ವೈಫೈಯೇ ಇಲ್ಲದವರ ಫೋನಿನಲ್ಲಿ ಬ್ಯಾಕಪ್ ಯಾವ ಕಾಲದ್ದೋ ಏನೋ. ಹಾಗಾಗಿ ಬದಲಾಯಿಸುವ ಹಿಂದಿನ ದಿನ ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಬ್ಯಾಕಪ್ ತಾರೀಕು ನೋಡಿ, ಈಗಲೇ ಮಾಡು ಎನ್ನುವುದನ್ನು ಒತ್ತಿ. ಹಳೇ ಫೋನನ್ನು 57 ದಿನ ಬಳಸದೆ ಇಟ್ಟರೆ ಆ ಬ್ಯಾಕಪ್ ಅಳಿಸಿಯೂ ಹೋಗಬಹುದು. ಇನ್ನೊಂದು ವಿಷಯ: ಹೊಸ ಆಂಡ್ರಾಯ್ಡ್ ಆವೃತ್ತಿಯ ಬ್ಯಾಕಪ್ ಹಳೇ ಆವೃತ್ತಿಯ ಫೋನಿಗೆ ಇಳಿಯುವುದಿಲ್ಲ. ಮಗನ ಹಳೇ ಫೋನ್ ಅಪ್ಪನಿಗೆ ಬರುವ ಮನೆಗಳಲ್ಲಿ ಇದು ನೆನಪಿರಲಿ.

ಈ ಬ್ಯಾಕಪ್ ಲೆಕ್ಕಕ್ಕೆ ಸಿಗದೆ ಉಳಿಯುವುದು ಬಿಡಿ ಫೈಲ್‌ಗಳು. ಡೌನ್‌ಲೋಡ್ ಫೋಲ್ಡರಿನಲ್ಲಿ ಬಿದ್ದಿರುವ ಪಹಣಿ ಪಿಡಿಎಫ್, ಮಗಳ ಅಂಕಪಟ್ಟಿ, ಎಂದೋ ರೆಕಾರ್ಡ್ ಮಾಡಿಟ್ಟ ಅಜ್ಜಿಯ ಸೋಬಾನೆ ಪದ, ಕಾಲ್ ರೆಕಾರ್ಡಿಂಗ್‌ಗಳು. ಇವನ್ನು ಒಂದು ಫೋಲ್ಡರಿಗೆ ಹಾಕಿ ಕೈಯಾರೆ ಕಾಪಿ ಮಾಡುವುದೇ ಸರಿ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಫೋನಿಗೆ ನೇರ ಚುಚ್ಚುವ ಒಟಿಜಿ ಪೆನ್‌ಡ್ರೈವ್ ಸಾಕು.

ಮೆಮೊರಿ ಕಾರ್ಡ್ ಇದ್ದವರು ಅದನ್ನೇ ತೆಗೆದು ಹೊಸ ಫೋನಿಗೆ ಹಾಕಿದರಾಯಿತು, ಒಂದು ಸಂದರ್ಭ ಬಿಟ್ಟು. ಜಾಗ ಸಾಲದೆ ಕಾರ್ಡನ್ನು ಇಂಟರ್ನಲ್ ಸ್ಟೋರೇಜ್ ಆಗಿ ಫಾರ್ಮ್ಯಾಟ್ ಮಾಡಿದ್ದರೆ, ಅದರಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಬೀಗದ ಕೈ ಇರುವುದು ಹಳೇ ಫೋನಿನಲ್ಲಿ. ಬೇರೆ ಫೋನಿಗೆ ಹಾಕಿದರೆ "ಕಾರ್ಡ್ ಕೆಟ್ಟಿದೆ, ಫಾರ್ಮ್ಯಾಟ್ ಮಾಡಲಾ?" ಎಂಬಂತೆ ಕೇಳುತ್ತದೆ. ಹೂಂ ಎಂದರೆ ಮುಗಿಯಿತು. ಹಳೇ ಫೋನಿನಲ್ಲೇ ಇಟ್ಟು ಫೈಲ್‌ಗಳನ್ನು ಹೊರಗೆ ತೆಗೆದುಕೊಳ್ಳಬೇಕು.

ಗೂಗಲ್ ಫೋಟೋಸ್ ಬಗ್ಗೆ ಎರಡು ಮಾತು. ಉಚಿತ ಜಾಗ 15 ಜಿಬಿ, ಅದು ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. 2021ರ ಜೂನ್ 1ರ ತನಕ ಸ್ವಲ್ಪ ಕುಗ್ಗಿಸಿದ ಫೋಟೊಗಳು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಆಮೇಲೆ ಸೇರುತ್ತಿವೆ. ಎಷ್ಟೋ ಜನರ ಜಾಗ ಯಾವತ್ತೋ ತುಂಬಿ ಬ್ಯಾಕಪ್ ನಿಂತುಹೋಗಿರುತ್ತದೆ. ಅವರು ಮಾತ್ರ ಎಲ್ಲ ಗೂಗಲ್‌ನಲ್ಲಿದೆ ಎಂದು ನಂಬಿಕೊಂಡಿರುತ್ತಾರೆ. ಅಲ್ಲದೆ ತಾನಾಗಿ ಮೇಲೆ ಹೋಗುವುದು ಕ್ಯಾಮೆರಾದಲ್ಲಿ ತೆಗೆದ ಫೋಟೊಗಳು. ವಾಟ್ಸಾಪ್‌ನಲ್ಲಿ ಬಂದವು ಬೇಕೆಂದರೆ ಆ ಫೋಲ್ಡರನ್ನು ನಾವೇ ಆನ್ ಮಾಡಬೇಕು. ಹೊಸ ಫೋನಿನಲ್ಲಿ ಗೂಗಲ್ ಫೋಟೋಸ್ ತೆರೆದ ಕೂಡಲೇ ಹಳೇ ಚಿತ್ರಗಳೆಲ್ಲ ಕಾಣುತ್ತವೆ, ಜನ "ಅಬ್ಬಾ, ಬಂದುಬಿಟ್ಟವು" ಎನ್ನುತ್ತಾರೆ. ಅವು ಬಂದಿರುವುದಿಲ್ಲ. ಕ್ಲೌಡ್‌ನಲ್ಲಿರುವುದು ಕಾಣುತ್ತಿದೆ ಅಷ್ಟೇ. ಜಾಗ ಉಳಿಸಲು ಅಲ್ಲಿ ಅಳಿಸಿದರೆ ಎಲ್ಲ ಕಡೆಯೂ ಅಳಿಸಿ ಹೋಗುತ್ತದೆ.

ವಾಟ್ಸಾಪ್

ಇದಕ್ಕೆ ಬೇರೆಯೇ ಅಧ್ಯಾಯ ಬೇಕು. ಹಳೇ ಫೋನಿನ ವಾಟ್ಸಾಪ್ ಫೋಲ್ಡರನ್ನು ಕಾಪಿ ಮಾಡಿದರೆ ಚಿತ್ರ, ವಿಡಿಯೊ, ವಾಯ್ಸ್ ಮೆಸೇಜ್ ಸಿಗುತ್ತವೆ. ಆದರೆ ಮಾತುಕತೆ ಇರುವ ಫೈಲ್ ಬೀಗ ಹಾಕಿದ್ದು, ಅದನ್ನು ತೆರೆಯಬಲ್ಲದ್ದು ನಿಮ್ಮ ನಂಬರಿನಿಂದ ಲಾಗಿನ್ ಆದ ವಾಟ್ಸಾಪ್ ಮಾತ್ರ.

ನನ್ನ ಕೇಳಿದರೆ ಸುಲಭದ ದಾರಿ ವಾಟ್ಸಾಪ್‌ನವರೇ 2023ರಲ್ಲಿ ತಂದ ನೇರ ವರ್ಗಾವಣೆ. ಹಳೇ ಫೋನಿನ ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ತೆರೆದಿಟ್ಟುಕೊಳ್ಳಿ. ಹೊಸ ಫೋನಿನಲ್ಲಿ ವಾಟ್ಸಾಪ್ ಹಾಕಿ ಅದೇ ನಂಬರ್ ಕೊಡಿ. ಹಳೇ ಫೋನಿನಿಂದ ತರಬೇಕಾ ಎಂದು ಕೇಳುತ್ತದೆ. ಒಪ್ಪಿದರೆ ಹೊಸದರಲ್ಲಿ ಒಂದು ಕ್ಯೂಆರ್ ಕೋಡ್ ಬರುತ್ತದೆ, ಅದನ್ನು ಹಳೇದರಲ್ಲಿ ಸ್ಕ್ಯಾನ್ ಮಾಡಿ. ಎರಡರಲ್ಲೂ ವೈಫೈ ಆನ್ ಇರಲಿ. ಮುಗಿಯುವ ತನಕ ಆಪ್ ಮುಚ್ಚಬೇಡಿ, ಅಡುಗೆ ಮನೆಯಿಂದ ಯಾರೇ ಕರೆದರೂ. ಇದರಲ್ಲಿ ಕ್ಲೌಡ್ ಇಲ್ಲ, 15 ಜಿಬಿ ತಂಟೆ ಇಲ್ಲ, ವಿಡಿಯೊಗಳೂ ಬರುತ್ತವೆ. ಇದು ಆಂಡ್ರಾಯ್ಡ್‌ನಿಂದ ಆಂಡ್ರಾಯ್ಡ್‌ಗೆ ಹಾಗೂ ಐಫೋನಿನಿಂದ ಐಫೋನಿಗೆ.

ಇನ್ನೊಂದು ದಾರಿ ಗೂಗಲ್ ಅಕೌಂಟಿಗೆ ಬ್ಯಾಕಪ್ ಮಾಡಿ ಹೊಸದರಲ್ಲಿ ಇಳಿಸುವುದು. ಮೊದಲು ಇದು ಲೆಕ್ಕವಿಲ್ಲದೆ ಉಚಿತವಾಗಿತ್ತು. 2024ರಿಂದ ಇದೂ ನಿಮ್ಮ 15 ಜಿಬಿಯಲ್ಲೇ ಕೂರುತ್ತದೆ. ವಿಡಿಯೊಗಳನ್ನು ಸೇರಿಸು ಎಂದು ನಾವಾಗಿ ಹೇಳದಿದ್ದರೆ ಅವು ಸೇರುವುದಿಲ್ಲ. ಇಳಿಸುವಾಗ ನಂಬರ್ ಅದೇ ಇರಬೇಕು, ಗೂಗಲ್ ಅಕೌಂಟೂ ಅದೇ ಇರಬೇಕು. ಅಂಗಡಿಯವರು ಹೊಸ ಜಿಮೇಲ್ ಮಾಡಿಕೊಟ್ಟ ಕಥೆ ಇಲ್ಲೂ ಬಂದು ಕಾಡುತ್ತದೆ. "ಬ್ಯಾಕಪ್ ಸಿಗಲಿಲ್ಲ" ಎಂದು ಬಂದರೆ ಮೊದಲು ಅನುಮಾನ ಪಡಬೇಕಾದ್ದು ಅದನ್ನೇ. ರಿಸ್ಟೋರ್ ಮಾಡಲಾ ಎಂದು ವಾಟ್ಸಾಪ್ ಕೇಳುವುದು ನಂಬರ್ ಹಾಕಿದ ಕೂಡಲೇ, ಒಂದೇ ಸಲ. ಸ್ಕಿಪ್ ಒತ್ತಿದ್ದರೆ ಆಪ್ ತೆಗೆದು ಮತ್ತೆ ಹಾಕಬೇಕು. ಬ್ಯಾಕಪ್‌ಗೆ ಎನ್‌ಕ್ರಿಪ್ಷನ್ (ಗೂಢಲಿಪಿ) ಪಾಸ್‌ವರ್ಡ್ ಇಟ್ಟವರು ಅದನ್ನು ಮರೆತರೆ ವಾಟ್ಸಾಪ್‌ನವರೂ ತೆಗೆದುಕೊಡಲಾರರು. ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಕೂತು ಮಾಡುವ ಕೆಲಸವೂ ಇದಲ್ಲ. ರಾಮನಗರ, ಚನ್ನಪಟ್ಟಣ ಅಂತ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತಿದ್ದರೆ ಯಾವ ಬ್ಯಾಕಪ್ಪೂ ಪೂರ್ತಿಯಾಗುವುದಿಲ್ಲ.

ಆಂಡ್ರಾಯ್ಡ್‌ನ ಬ್ಯಾಕಪ್ ಇರುವುದು ಗೂಗಲ್‌ನಲ್ಲಿ, ಐಫೋನಿನದು ಐಕ್ಲೌಡ್‌ನಲ್ಲಿ. ಒಂದನ್ನು ಇನ್ನೊಂದರಲ್ಲಿ ಇಳಿಸಲಾಗುವುದಿಲ್ಲ. ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋಗುವವರು ಹಳೇ ಫೋನಿನಲ್ಲಿ ಆಪಲ್‌ನ ಮೂವ್ ಟು ಐಓಎಸ್ ಆಪ್ ಹಾಕಿ, ಐಫೋನ್ ಇನ್ನೂ ಸೆಟಪ್ ಆಗುತ್ತಿರುವಾಗಲೇ, ಅದರ ಪಟ್ಟಿಯಲ್ಲಿ ವಾಟ್ಸಾಪ್ ಆರಿಸಬೇಕು. ದುಡ್ಡು ಕೊಟ್ಟು ಕೊಂಡ ಆಪ್‌ಗಳು ಮಾತ್ರ ಆ ಕಡೆಗೆ ದಾಟುವುದಿಲ್ಲ, ಮತ್ತೆ ಕೊಳ್ಳಬೇಕು.

ದುಡ್ಡಿನ ಆಪ್‌ಗಳು ಯಾಕೆ ಬರುವುದಿಲ್ಲ?

ಜನರಿಗೆ ಸಿಟ್ಟು ಬರುವುದು ಇಲ್ಲಿ. ಆಪ್ ಬಂದಿದೆ, ತೆರೆದರೆ ಹೊಸಬರನ್ನು ಕಂಡಂತೆ ಆಡುತ್ತದೆ. ಇದು ಕೆಟ್ಟಿರುವುದರಿಂದ ಅಲ್ಲ, ಬೇಕಂತಲೇ ಮಾಡಿರುವುದು. ಮನೆ ಬದಲಾಯಿಸುವಾಗ ಮಂಚ, ಬೀರು, ಪಾತ್ರೆ ಎಲ್ಲ ಗಾಡಿಗೆ ಏರಿಸಬಹುದು, ಗೋಡೆ ಮೇಲಿನ ಸೆಸ್ಕ್‌ನವರ ಕರೆಂಟ್ ಮೀಟರನ್ನು ಕಿತ್ತುಕೊಂಡು ಹೋಗಲು ಬಿಡುವುದಿಲ್ಲವಲ್ಲ. ಯುಪಿಐ ಆ ಮೀಟರಿನ ಹಾಗೆ.

ಒಳಗೆ ನಡೆಯುವುದು ಇಷ್ಟು. ಆಂಡ್ರಾಯ್ಡ್‌ನಲ್ಲಿ ಪ್ರತಿ ಆಪ್‌ಗೂ ತನ್ನದೇ ಕೋಣೆ, ಇನ್ನೊಂದು ಆಪ್ ಅಲ್ಲಿ ಇಣುಕುವಂತಿಲ್ಲ. ಬ್ಯಾಂಕ್ ಆಪ್‌ಗಳು ತಮ್ಮ ಮಾಹಿತಿಯನ್ನು ಬ್ಯಾಕಪ್‌ಗೆ ಸೇರಿಸಬೇಡ ಎಂದು ಹೇಳಿಟ್ಟಿರುತ್ತವೆ. ಗುರುತಿನ ಕೀಲಿಗಳು ಫೋನಿನ ಚಿಪ್‌ನಲ್ಲಿ ಹುಟ್ಟಿ ಅಲ್ಲೇ ಉಳಿಯುತ್ತವೆ, ಹೊರಗೆ ಕಾಪಿ ಆಗುವುದಿಲ್ಲ. ಯುಪಿಐ ಇನ್ನೂ ಒಂದು ಹೆಜ್ಜೆ ಮುಂದೆ. ನೋಂದಣಿ ಮಾಡುವಾಗ ನಿಮ್ಮ ಫೋನಿನಿಂದಲೇ, ನಿಮ್ಮ ಸಿಮ್‌ನಿಂದಲೇ ಒಂದು ಎಸ್‌ಎಂಎಸ್ ಹೊರಗೆ ಹೋಗುತ್ತದೆ, ಗಮನಿಸಿದ್ದೀರಾ? ಅರ್ಥವಾಗದ ಅಕ್ಷರಗಳ ಒಂದು ಸಾಲು. ಈ ಸಿಮ್ ಈ ಫೋನಿನಲ್ಲೇ ಇದೆ ಎನ್ನುವುದಕ್ಕೆ ಅದೇ ಸಾಕ್ಷಿ. ಒಟಿಪಿಯನ್ನು ಯಾರಾದರೂ ಫೋನ್ ಮಾಡಿ ಕೇಳಿ ಕದಿಯಬಹುದು. ನಿಮ್ಮ ಸಿಮ್‌ನಿಂದ ಎಸ್‌ಎಂಎಸ್ ಕಳಿಸುವುದು ದೂರದಲ್ಲಿ ಕೂತ ಕಳ್ಳನಿಗೆ ಅಷ್ಟು ಸುಲಭವಲ್ಲ. ಸಿಮ್ಮಿಗೂ ಫೋನಿಗೂ ಇರುವ ಈ ನಂಟನ್ನು ಬ್ಯಾಕಪ್‌ನಲ್ಲಿ ಕಾಪಿ ಮಾಡುವಂತಿದ್ದರೆ, ನಿಮ್ಮ ಬ್ಯಾಕಪ್ ಕದ್ದವನ ಕೈಗೆ ಖಾತೆಯೂ ಸಿಕ್ಕ ಹಾಗೆ.

ಇದು ಗೊತ್ತಾದರೆ ನೋಂದಣಿ ಯಾಕೆ ಕೈಕೊಡುತ್ತದೆ ಎನ್ನುವುದೂ ಗೊತ್ತಾಗುತ್ತದೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಹೊಸ ಫೋನಿನಲ್ಲೇ ಇರಬೇಕು. ಎರಡು ಸಿಮ್ ಇದ್ದರೆ ಸರಿಯಾದದ್ದನ್ನು ಆರಿಸಬೇಕು. ಎಸ್‌ಎಂಎಸ್ ಕಳಿಸಲು ರೀಚಾರ್ಜ್ ಇರಬೇಕು. ಬರೀ ವೈಫೈನಲ್ಲಿ ಕೂತು ಮಾಡುತ್ತೇನೆ ಎಂದರೆ ಆಗದು. ಯುಪಿಐ ಪಿನ್ ಮಾತ್ರ ಹಳೇದೇ, ಬದಲಾಯಿಸಬೇಕಿಲ್ಲ. ಹೊಸ ಫೋನಿನಲ್ಲಿ ಮೊದಲ 24 ಗಂಟೆ ಒಟ್ಟು 5,000 ರೂಪಾಯಿ ತನಕ ಮಾತ್ರ ಕಳಿಸಲು ಬಿಡುತ್ತಾರೆ. ಐಫೋನಿನಲ್ಲಿ ಕೆಲವು ಬ್ಯಾಂಕುಗಳು ಈ ಮಿತಿಯನ್ನು 72 ಗಂಟೆ ಇಡುತ್ತವೆ. ಮದುವೆ ಛತ್ರಕ್ಕೆ ಅಡ್ವಾನ್ಸ್ ಕಟ್ಟುವ ದಿನ ಫೋನ್ ಬದಲಾಯಿಸಬೇಡಿ.

ಯುಪಿಐ ಲೈಟ್ ಇಟ್ಟುಕೊಂಡವರಿಗೆ ಒಂದು ಕೆಲಸ ಇದೆ. ಪಿನ್ ಇಲ್ಲದೆ ಚಿಲ್ಲರೆ ಕೊಡಲು ತೆಗೆದಿಟ್ಟ ಆ ಹಣ ಆ ಫೋನಿನ ಆಪ್‌ಗೆ ಕಟ್ಟಿಹಾಕಿದ್ದು. ಹಳೇ ಫೋನಿನಲ್ಲೇ ಲೈಟ್ ಮುಚ್ಚಿಬಿಡಿ, ಉಳಿದದ್ದು ಬ್ಯಾಂಕ್ ಖಾತೆಗೆ ವಾಪಸ್ ಬರುತ್ತದೆ. ಲಾಗಿನ್ ಕೋಡ್ ಕೊಡುವ ಗೂಗಲ್ ಅಥೆಂಟಿಕೇಟರ್ ಥರದ ಆಪ್ ಬಳಸುವವರು ಹಳೇ ಫೋನಿನಿಂದ ಕ್ಯೂಆರ್ ಮೂಲಕ ಎಕ್ಸ್‌ಪೋರ್ಟ್ ಮಾಡಿಕೊಳ್ಳಲಿ. ಡಿಜಿಲಾಕರ್‌ಗೆ ಏನೂ ಮಾಡಬೇಕಿಲ್ಲ, ದಾಖಲೆಗಳು ಸರ್ವರ್‌ನಲ್ಲಿವೆ, ಲಾಗಿನ್ ಆದರೆ ಸಾಕು.

ಹೊಸ ಫೋನಿಗಾಗಿ ಸಿಮ್ಮೂ ಬದಲಾಗುತ್ತಿದ್ದರೆ, ಅಂದರೆ ಹಳೇ ಸಿಮ್ ಸವೆದು ಹೊಸದು ತೆಗೆದುಕೊಂಡರೆ ಅಥವಾ ಇ-ಸಿಮ್ (ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್) ಮಾಡಿಸಿದರೆ, 24 ಗಂಟೆ ಎಸ್‌ಎಂಎಸ್ ನಿಲ್ಲಿಸುತ್ತಾರೆ. ಸಿಮ್ ಕಳ್ಳತನದಿಂದ ದುಡ್ಡು ಹೋಗದಿರಲಿ ಎಂದು ಇರುವ ನಿಯಮ. ಆ ಒಂದು ದಿನ ಒಟಿಪಿಯೂ ಇಲ್ಲ, ಯುಪಿಐ ನೋಂದಣಿಯೂ ಇಲ್ಲ. ಜೇಬಿನಲ್ಲಿ ಸ್ವಲ್ಪ ನೋಟು ಇಟ್ಟುಕೊಳ್ಳಿ.

ಹಳೇ ಫೋನ್ ಕೊಡುವ ಮುಂಚೆ

ಆನ್‌ಲೈನ್ ಎಕ್ಸ್‌ಚೇಂಜ್‌ನಲ್ಲಿ ಒಂದು ಸಿಕ್ಕು ಇದೆ. ಡೆಲಿವರಿ ಹುಡುಗ ಬಾಗಿಲಲ್ಲಿ ನಿಂತು ಹೊಸದು ಕೊಟ್ಟು ಹಳೇದನ್ನು ಅಲ್ಲೇ ತೆಗೆದುಕೊಂಡು ಹೋಗುತ್ತಾನೆ. ಎರಡೂ ಫೋನ್ ಒಟ್ಟಿಗೆ ನಿಮ್ಮ ಕೈಯಲ್ಲಿರುವ ಹೊತ್ತೇ ಸಿಗುವುದಿಲ್ಲ. ವೈರ್, ಕ್ಯೂಆರ್ ಎಂದು ಮೇಲೆ ಹೇಳಿದ್ದೆಲ್ಲ ಆಗ ದಕ್ಕದು. ಹಿಂದಿನ ದಿನವೇ ಎಲ್ಲವನ್ನೂ ಕ್ಲೌಡ್‌ಗೋ ಪೆನ್‌ಡ್ರೈವ್‌ಗೋ ಹಾಕಿಟ್ಟಿರಬೇಕು. ಅಷ್ಟು ತಾಳ್ಮೆ ಇಲ್ಲ ಎನ್ನುವವರು ಎಕ್ಸ್‌ಚೇಂಜ್ ಬಿಟ್ಟು, ವಾರ ಹತ್ತು ದಿನ ಹಳೇದನ್ನು ಮನೆಯಲ್ಲೇ ಇಟ್ಟು ಆಮೇಲೆ ಮಾರುವುದು ಮೇಲು ಎನ್ನುವುದು ನನ್ನ ಅಭಿಪ್ರಾಯ. ಬೆಲೆ ಸ್ವಲ್ಪ ಕಮ್ಮಿ ಸಿಗಬಹುದು. ಬಾರದೆ ಉಳಿದದ್ದು ಗೊತ್ತಾಗುವುದೇ ಆ ವಾರದಲ್ಲಿ.

ಕೊಡುವಾಗ ಫೋಟೊಗಳನ್ನು ಒಂದೊಂದಾಗಿ ಅಳಿಸುತ್ತಾ ಕೂರುವುದು ದಂಡ. ಆಂಡ್ರಾಯ್ಡ್ 10 ಅಥವಾ ಆಮೇಲಿನ ಆವೃತ್ತಿಯೊಂದಿಗೇ ಬಂದ ಫೋನುಗಳಲ್ಲಿ ಒಳಗಿನ ಡೇಟಾವೆಲ್ಲ ಗೂಢಲಿಪಿಯಲ್ಲೇ ಇರುತ್ತದೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಅದರ ಕೀಲಿಯೇ ನಾಶವಾಗುತ್ತದೆ, ಉಳಿದದ್ದು ಯಾರಿಗೂ ಓದಲು ಬಾರದ ಕಸ. ಇದೇ ಕಾರಣಕ್ಕೆ, ಪರದೆ ಒಡೆದು ಪಿನ್ ಹೊಡೆಯಲಾಗದ ಫೋನಿನಿಂದ ಚಿಪ್ ಕಿತ್ತು ಡೇಟಾ ತೆಗೆಯುತ್ತೇವೆ ಎನ್ನುವವರ ಮಾತು ನಂಬಬೇಡಿ. ಪರದೆ ಕಾಣುತ್ತಿದ್ದು ಟಚ್ ಮಾತ್ರ ಸತ್ತಿದ್ದರೆ ಒಟಿಜಿ ಅಡಾಪ್ಟರ್ ಹಾಕಿ ಕಂಪ್ಯೂಟರಿನ ಮೌಸ್ ಜೋಡಿಸಿ ನೋಡಿ, ಬಾಣದ ಗುರುತು ಬರುತ್ತದೆ. ಅದರಲ್ಲೇ ಪಿನ್ ಒತ್ತಿ ಒಳಗೆ ಹೋಗಬಹುದು. ಪರದೆಯೂ ಕಾಣದಿದ್ದರೆ ಡಿಸ್‌ಪ್ಲೇ ಹಾಕಿಸಿ ಡೇಟಾ ತೆಗೆದುಕೊಳ್ಳುವುದೇ ಸಾಮಾನ್ಯವಾದ ದಾರಿ.

ರೀಸೆಟ್‌ಗೆ ಮುಂಚೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಅಕೌಂಟ್ ತೆಗೆಯಿರಿ. ತೆಗೆಯದಿದ್ದರೆ, ಕೊಂಡವರು ಆನ್ ಮಾಡಿದಾಗ ನಿಮ್ಮ ಪಾಸ್‌ವರ್ಡ್ ಕೇಳಬಹುದು. ಕಳ್ಳತನ ತಡೆಯಲು ಇಟ್ಟ ಬೀಗ ಅದು, ಫೋನ್ ಮಾರಿದ ಮೇಲೂ ನಿಮ್ಮ ಹೆಸರಿನಲ್ಲೇ ಇರುತ್ತದೆ. ಐಫೋನ್ ಆದರೆ ಕಳೆದ ಫೋನ್ ಹುಡುಕುವ ಫೈಂಡ್ ಮೈ ಆಫ್ ಮಾಡಬೇಕು. ಸಿಮ್ ಟ್ರೇ ಎಳೆದು ನೋಡಿ, ಎರಡನೇ ಸಿಮ್ಮೋ ಮೆಮೊರಿ ಕಾರ್ಡೋ ಅಲ್ಲೇ ಕೂತಿರುತ್ತದೆ. ಆಮೇಲೆ ಹೊಸ ಫೋನಿನಿಂದ ಗೂಗಲ್ ಅಕೌಂಟಿನ ಸೆಕ್ಯೂರಿಟಿ ಪುಟಕ್ಕೆ ಹೋಗಿ, ನಿಮ್ಮ ಸಾಧನಗಳು ಎನ್ನುವ ಪಟ್ಟಿಯಲ್ಲಿ ಹಳೇ ಫೋನಿನ ಹೆಸರು ಇನ್ನೂ ಇದ್ದರೆ ಅಲ್ಲಿಂದಲೂ ಸೈನ್ ಔಟ್ ಮಾಡಿ. ಆ ಪಟ್ಟಿಯಲ್ಲಿ ಎರಡು ಫೋನ್ ಹಿಂದಿನದೂ ಸಿಕ್ಕರೆ ಆಶ್ಚರ್ಯ ಬೇಡ. ಅದನ್ನೂ ತೆಗೆದುಬಿಡಿ.